ಟ್ಯಾಂಕರ್ ಲಾರಿ ಓಡಿಸುವ ಕೆಲಸ: ಸಂದರ್ಶನಕ್ಕೆ ಹೋಗುವ ಮುನ್ನ

ಮಂಡ್ಯ, ಮದ್ದೂರು, ಮಳವಳ್ಳಿ. ಈ ಊರುಗಳ ರಸ್ತೆಯಲ್ಲಿ ನಾವು ದಿನಾ ಓಡಾಡುತ್ತೇವೆ. ಸಂತೆಗೆ ಹೋಗುತ್ತೇವೆ. ಆಸ್ಪತ್ರೆಗೆ ಹೋಗುತ್ತೇವೆ. ದಾರಿಯುದ್ದಕ್ಕೂ ಪೆಟ್ರೋಲ್ ಬಂಕುಗಳಿವೆ. ಸ್ಕೂಟರಿಗೆ ಪೆಟ್ರೋಲ್ ಬೇಕು. ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ಡೀಸೆಲ್ ಬೇಕು. ಬಂಕಿನ ನೆಲದೊಳಗೆ ದೊಡ್ಡ ತೊಟ್ಟಿ ಇರುತ್ತದೆ. ಆ ತೊಟ್ಟಿಗೆ ಎಣ್ಣೆ ಎಲ್ಲಿಂದ ಬರುತ್ತದೆ?

ಮಂಗಳೂರಿನಲ್ಲಿ ಎಣ್ಣೆ ಶುದ್ಧ ಮಾಡುವ ಕಾರ್ಖಾನೆ ಇದೆ. ಅಲ್ಲಿಂದ ನೆಲದೊಳಗೆ ಒಂದು ಕೊಳವೆ ಹೊರಡುತ್ತದೆ. ಹಾಸನಕ್ಕೆ ಬಂದು, ಮುಂದೆ ಬೆಂಗಳೂರಿನ ಹತ್ತಿರದ ದೇವನಗೊಂದಿವರೆಗೆ ಹೋಗುತ್ತದೆ. ಉದ್ದ 360 ಕಿಲೋಮೀಟರಿಗೂ ಹೆಚ್ಚು. ಇದು 2003ರಲ್ಲಿ ಶುರುವಾಯಿತು. ಹಾಸನದಲ್ಲೂ ದೇವನಗೊಂದಿಯಲ್ಲೂ ಎಣ್ಣೆ ಡಿಪೋಗಳಿವೆ. ಕೊಳವೆ ಡಿಪೋವರೆಗೆ ಮಾತ್ರ. ಅಲ್ಲಿಂದ ಊರೂರಿನ ಬಂಕಿಗೆ ಎಣ್ಣೆ ತಲುಪಬೇಕಾದರೆ ಟ್ಯಾಂಕರ್ ಲಾರಿಯೇ ಬೇಕು. ಲಾರಿ ಇದ್ದ ಮೇಲೆ ಡ್ರೈವರ್ ಬೇಕು.

"ಅಯ್ಯೋ ಟೀಚರ್, ಅಷ್ಟು ದೊಡ್ಡ ಗಾಡಿ ನಮ್ ಕೈಲಿ ಆಯ್ತದಾ? ಅದು ಗಂಡಸರ ಕೆಲಸ ಅಲ್ವಾ?"

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಮಾತು ಬಂದೇ ಬರುತ್ತದೆ. ಮೂರು ಜನ ಹೆಣ್ಣುಮಕ್ಕಳ ವಿಷಯ ಹೇಳುತ್ತೇವೆ, ಕೇಳಿ.

ತಮಿಳುನಾಡಿನ ಕನ್ಯಾಕುಮಾರಿ ಕಡೆಯ ವಸಂತಕುಮಾರಿ 1993ರಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್ ಆದರು. ನಮ್ಮ ಬೆಳಗಾವಿ ಜಿಲ್ಲೆಯ ಪ್ರೇಮಾ ರಾಮಪ್ಪ ನಡಪಟ್ಟಿ 2009ರಲ್ಲಿ ಬೆಂಗಳೂರಿನ ಬಿ.ಎಂ.ಟಿ.ಸಿ. ಬಸ್ಸಿನ ಡ್ರೈವರ್ ಆದರು. ಬೆಂಗಳೂರಿನ ಆ ಜನಜಂಗುಳಿಯಲ್ಲಿ ಬಸ್ಸು ಓಡಿಸಿದರು.

ಮೂರನೆಯವರು ಟ್ಯಾಂಕರ್ ಡ್ರೈವರೇ. ಕೇರಳದ ತ್ರಿಶೂರು ಜಿಲ್ಲೆಯ ಡೆಲಿಷಾ ಡೇವಿಸ್. ಅವರ ತಂದೆ ಟ್ಯಾಂಕರ್ ಓಡಿಸುತ್ತಿದ್ದರು. ಮಗಳು ತಂದೆಯ ಪಕ್ಕದಲ್ಲಿ ಕೂತು ಕೆಲಸ ಕಲಿತಳು. ಕೊಚ್ಚಿಯಲ್ಲಿ ಎಣ್ಣೆ ತುಂಬಿಸಿಕೊಂಡು ಮಲಪ್ಪುರಂ ಜಿಲ್ಲೆಯ ಬಂಕಿಗೆ ತಲುಪಿಸುತ್ತಿದ್ದಳು. 2021ರಲ್ಲಿ, ಕೊರೋನಾ ಲಾಕ್‌ಡೌನ್ ಸಮಯದಲ್ಲಿ, ಅಧಿಕಾರಿಗಳು ಗಾಡಿ ತಡೆದರು. ಹುಡುಗಿ ಟ್ಯಾಂಕರ್ ಓಡಿಸುತ್ತಿದ್ದಾಳೆ ಅಂತ ಅವರಿಗೆ ಆಶ್ಚರ್ಯ. ಲೈಸೆನ್ಸ್ ಕೇಳಿದರು. ಅಪಾಯದ ಸರಕು ಸಾಗಿಸುವ ಲೈಸೆನ್ಸ್ ಅವಳ ಹತ್ತಿರ ಸರಿಯಾಗಿಯೇ ಇತ್ತು. ಆಮೇಲೆ ಪತ್ರಿಕೆಗಳಲ್ಲಿ ಅವಳ ಫೋಟೋ ಬಂತು.

ಕಾಗದ ಸರಿಯಾಗಿದ್ದರೆ ತಡೆದವರೇ ದಾರಿ ಬಿಡುತ್ತಾರೆ. ಅದಕ್ಕೇ ಮೊದಲು ಕಾಗದದ ವಿಷಯ.

ಯಾವ ಕಾಗದ ಬೇಕು?

18 ವರ್ಷ ತುಂಬಿದ ಮೇಲೆ ಕಾರು, ಜೀಪು ಇಂಥ ಹಗುರ ವಾಹನದ ಲೈಸೆನ್ಸ್ ತೆಗೆಯಬಹುದು. ಮೊದಲು ಎಲ್.ಎಲ್.ಆರ್. ಕೊಡುತ್ತಾರೆ. ಅದು ಕಲಿಯುವವರ ಲೈಸೆನ್ಸ್. 30 ದಿನ ಆದ ಮೇಲೆ ಆರ್.ಟಿ.ಒ. ಕಚೇರಿಯಲ್ಲಿ ಗಾಡಿ ಓಡಿಸಿ ತೋರಿಸಬೇಕು. ಪಾಸಾದರೆ ಲೈಸೆನ್ಸ್.

ಆ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಬೇಕು. ನಿಮಗೆ 20 ವರ್ಷ ತುಂಬಿರಬೇಕು. ಆಗ ಲಾರಿ, ಬಸ್ಸಿನಂಥ ದೊಡ್ಡ ವಾಹನದ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಜನ ಇದನ್ನು ಹೆವಿ ಲೈಸೆನ್ಸ್ ಅನ್ನುತ್ತಾರೆ. ಇದಕ್ಕೆ ಡ್ರೈವಿಂಗ್ ಶಾಲೆಯ ಸರ್ಟಿಫಿಕೇಟ್ ಬೇಕು. ಡಾಕ್ಟರ ಸರ್ಟಿಫಿಕೇಟೂ ಬೇಕು. ಕಣ್ಣು ಸರಿಯಾಗಿ ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ ಅಂತ ಡಾಕ್ಟರು ನೋಡುತ್ತಾರೆ.

ಹಿಂದೆ ಹೆವಿ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮ ತೆಗೆದುಹಾಕಿತು. ಶಾಲೆಗೆ ಹೋಗದೆ ಈಗ ಓದು ಕಲಿತವರಿಗೂ ಬಾಗಿಲು ತೆರೆಯಿತು. ಆದರೆ ಕೆಲಸ ಕೊಡುವ ಕೆಲವರು ಈಗಲೂ ಮಾರ್ಕ್ಸ್ ಕಾರ್ಡ್ ಕೇಳಬಹುದು. ಇಲ್ಲದಿದ್ದರೆ ಇಲ್ಲ ಅನ್ನಿ. ದುಡ್ಡು ಕೊಟ್ಟು ಸುಳ್ಳು ಸರ್ಟಿಫಿಕೇಟ್ ಮಾಡಿಸಬೇಡಿ. ಅದು ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಮೇಲೆ ಕೇಸು.

ಟ್ಯಾಂಕರಿಗೆ ಹೆವಿ ಲೈಸೆನ್ಸ್ ಒಂದೇ ಸಾಲದು. ಪೆಟ್ರೋಲ್, ಡೀಸೆಲ್, ಗ್ಯಾಸ್ ಇವು ಅಪಾಯದ ಸರಕು. ಇವನ್ನು ಸಾಗಿಸುವ ಡ್ರೈವರ್ ಮೂರು ದಿನದ ತರಬೇತಿ ಪಡೆದಿರಬೇಕು. ತರಬೇತಿ ಎಲ್ಲಿ ಕೊಡುತ್ತಾರೆ ಅಂತ ಮಂಡ್ಯದ ಆರ್.ಟಿ.ಒ. ಕಚೇರಿಯಲ್ಲಿ ಕೇಳಿ. ಮಳವಳ್ಳಿಯಿಂದ ಮಂಡ್ಯಕ್ಕೆ ಹೋಗಿ ಕೇಳಲು ಬಸ್ ಚಾರ್ಜಿನ ಚಿಂತೆ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ. ತರಬೇತಿ ಮುಗಿದ ಮೇಲೆ ಲೈಸೆನ್ಸಿನಲ್ಲಿ ಅಪಾಯದ ಸರಕು ಅಂತ ಸೇರಿಸುತ್ತಾರೆ. ಅದು ಮೂರು ವರ್ಷ ನಡೆಯುತ್ತದೆ. ಆಮೇಲೆ ಒಂದು ದಿನದ ಪಾಠ ಕೇಳಿ ಮತ್ತೆ ಮುಂದುವರಿಸಬೇಕು.

ಇನ್ನೂ ಒಂದು ಮಾತು ಇದೆ. ಇದು ನಮಗೆ ಬಹಳ ಮುಖ್ಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 9ನೇ ನಿಯಮ ಏನು ಹೇಳುತ್ತದೆ ಗೊತ್ತೇ? ಅಪಾಯದ ಸರಕು ಸಾಗಿಸುವ ಡ್ರೈವರಿಗೆ ಓದಲು ಬರೆಯಲು ಬರಬೇಕು. ನಮ್ಮ ದೇಶದ ಒಂದು ಭಾಷೆ ಬರಬೇಕು. ಅದರ ಜೊತೆ ಇಂಗ್ಲಿಷೂ ಬರಬೇಕು. ಕನ್ನಡ ನೀವು ಕಲಿತಿದ್ದೀರಿ. ಇಂಗ್ಲಿಷಿನ 26 ಅಕ್ಷರ, ಒಂದಷ್ಟು ಪದ ಕಲಿಯಬೇಕು.

ಲೈಸೆನ್ಸ್ ಕಾರ್ಡನ್ನು ಕೈಯಲ್ಲಿ ಹಿಡಿದು ಓದಿ ನೋಡಿ. ಅದರಲ್ಲಿ ಎರಡು ಮೂರು ತಾರೀಖು ಇರುತ್ತವೆ. ಸ್ವಂತ ಗಾಡಿಗೆ ಒಂದು ತಾರೀಖು. ಲಾರಿಗೆ ಒಂದು ತಾರೀಖು. ಅಪಾಯದ ಸರಕಿಗೆ ಇನ್ನೊಂದು. ಒಂದು ತಾರೀಖು ಮುಗಿದಿದ್ದರೂ ಟ್ಯಾಂಕರ್ ಮುಟ್ಟುವ ಹಾಗಿಲ್ಲ. ಸಂದರ್ಶನ ಮಾಡುವವರು ಮೊದಲು ನೋಡುವುದು ಇದನ್ನೇ. ಅವರಿಗಿಂತ ಮುಂಚೆ ನೀವು ನೋಡಿರಿ.

ಲಾರಿಯ ಮೇಲಿನ ಬರಹ

ಟ್ಯಾಂಕರ್ ನಿಂತಿದ್ದಾಗ ಅದರ ಪಕ್ಕ ಮತ್ತು ಹಿಂಭಾಗ ನೋಡಿ. ಒಂದು ಫಲಕ ಇರುತ್ತದೆ. ಎರಡೂ ಪಕ್ಕದಲ್ಲಿ ಒಂದೊಂದು, ಹಿಂದೆ ಒಂದು. ಅದು ಬಣ್ಣಕ್ಕೆ ಹಾಕಿದ್ದಲ್ಲ. ಅಪಘಾತ ಆದಾಗ ಪೊಲೀಸರು, ಬೆಂಕಿ ಆರಿಸುವವರು ದೂರದಿಂದಲೇ ಓದಿಕೊಳ್ಳಲಿ ಅಂತ ಹಾಕಿದ್ದು. ಒಳಗೆ ಏನಿದೆ, ಎಷ್ಟು ಅಪಾಯ, ಯಾರಿಗೆ ಫೋನ್ ಮಾಡಬೇಕು, ಎಲ್ಲ ಅದರಲ್ಲಿದೆ.

ಅದರಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. 1203 ಅಂದರೆ ಪೆಟ್ರೋಲ್. 1202 ಅಂದರೆ ಡೀಸೆಲ್. 1075 ಅಂದರೆ ಅಡುಗೆ ಗ್ಯಾಸ್. ಈ ಸಂಖ್ಯೆ ಮಂಡ್ಯದಲ್ಲೂ ಒಂದೇ, ದುಬೈಯಲ್ಲೂ ಒಂದೇ. ಪ್ರಪಂಚದ ದೇಶಗಳೆಲ್ಲ ಸೇರಿ ಒಪ್ಪಿಕೊಂಡ ಸಂಖ್ಯೆ. ಪಕ್ಕದಲ್ಲಿ ಕೆಂಪು ಚೌಕ, ಮೂಲೆ ಮೇಲಾಗಿ ನಿಂತಿರುತ್ತದೆ. ಅದರೊಳಗೆ ಬೆಂಕಿಯ ಚಿತ್ರ. ಬೇಗ ಹೊತ್ತಿಕೊಳ್ಳುವ ವಸ್ತು ಅಂತ ಅರ್ಥ.

ಡ್ರೈವರ್ ಕೂರುವ ಜಾಗದಲ್ಲಿ ಒಂದು ಕಾಗದ ಇಟ್ಟಿರಬೇಕು. ಅದಕ್ಕೆ ಟ್ರೆಮ್ ಕಾರ್ಡ್ ಅನ್ನುತ್ತಾರೆ. ಎಣ್ಣೆ ಸೋರಿದರೆ ಏನು ಮಾಡಬೇಕು, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಸಂದರ್ಶನದಲ್ಲಿ ಈ ಕಾರ್ಡ್ ಕೈಗೆ ಕೊಟ್ಟು "ಓದಮ್ಮ" ಅನ್ನಬಹುದು. ನಿಧಾನವಾಗಿ ಓದಿ. ಬೆರಳಿಟ್ಟು ಓದಿದರೂ ತಪ್ಪಿಲ್ಲ. ಗಡಿಬಿಡಿಯಲ್ಲಿ ತಪ್ಪು ಓದುವವರಿಗಿಂತ ಬೆರಳಿಟ್ಟು ಸರಿ ಓದುವವರು ಈ ಕೆಲಸಕ್ಕೆ ಒಳ್ಳೆಯವರು.

ಎಣ್ಣೆಯ ಗುಣ

ಸಂದರ್ಶನದ ಅರ್ಧ ಪ್ರಶ್ನೆಗಳು ಎಣ್ಣೆಯ ಬಗ್ಗೆಯೇ ಇರುತ್ತವೆ. ಭಯ ಬೇಡ. ಇದರಲ್ಲಿ ಬಹಳಷ್ಟು ನಮಗೆ ಮನೆಯಲ್ಲೇ ಗೊತ್ತು.

ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಆ ಆವಿ ಗಾಳಿಗಿಂತ ಭಾರ. ಚಳಿಗಾಲದ ಬೆಳಿಗ್ಗೆ ಹೊಗೆ ಮೇಲೇಳದೆ ನೆಲದಲ್ಲೇ ಹರಿದಾಡುತ್ತದಲ್ಲ, ಹಾಗೆ ಇದು ನೆಲದ ಮೇಲೆ ಹರಿಯುತ್ತದೆ. ಚರಂಡಿ, ಗುಂಡಿ ಕಂಡರೆ ಅಲ್ಲಿ ಇಳಿದು ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ದೂರದಲ್ಲಿ ಯಾರೋ ಬೀಡಿ ಹಚ್ಚಿದರೆ ಅಲ್ಲಿಂದ ಬೆಂಕಿ ಓಡಿ ಲಾರಿಗೆ ಬರುತ್ತದೆ.

ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು. ಪೆಟ್ರೋಲ್ ನೀರಿಗಿಂತ ಹಗುರ. ನೀರಿನ ಮೇಲೆ ತೇಲುತ್ತದೆ. ನೀರು ಹರಿದ ಕಡೆಗೆಲ್ಲ ಬೆಂಕಿಯೂ ಹರಿಯುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹಾಕಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಲಾರಿಯಲ್ಲಿ ಒಣ ಪುಡಿ ತುಂಬಿದ ಕೆಂಪು ಸಿಲಿಂಡರ್ ಇರುತ್ತದೆ. ಮೊದಲು ಪಿನ್ ಎಳೆಯಬೇಕು. ಗಾಳಿ ನಮ್ಮ ಬೆನ್ನಿಗೆ ಬೀಸುವ ಹಾಗೆ ನಿಲ್ಲಬೇಕು. ಉರಿಯ ತುದಿಗೆ ಹೊಡೆಯಬಾರದು, ಬುಡಕ್ಕೆ ಹೊಡೆಯಬೇಕು. ಇದನ್ನು ಮಾಡಿ ತೋರಿಸು ಅಂತ ಕೇಳುವವರಿದ್ದಾರೆ.

ಇನ್ನೊಂದು, ಸೀರೆಯ ವಿಷಯ. ಬೇಸಿಗೆಯಲ್ಲಿ ನೈಲಾನ್ ಸೀರೆ ಬಿಚ್ಚುವಾಗ ಚಟಚಟ ಅನ್ನುತ್ತದೆ. ಕತ್ತಲಲ್ಲಿ ಸಣ್ಣ ಕಿಡಿಯೂ ಕಾಣುತ್ತದೆ. ಅದು ಒಂದು ಬಗೆಯ ವಿದ್ಯುತ್. ಉಜ್ಜುವುದರಿಂದ ಹುಟ್ಟುತ್ತದೆ. ಟ್ಯಾಂಕಿನೊಳಗೆ ಎಣ್ಣೆ ಕುಲುಕಿದಾಗ, ಕೊಳವೆಯಲ್ಲಿ ಹರಿದಾಗ ಅದೇ ವಿದ್ಯುತ್ ಹುಟ್ಟುತ್ತದೆ. ಮನೆಯಲ್ಲಿ ಆ ಕಿಡಿ ನೋಡಿ ನಗುತ್ತೇವೆ. ಪೆಟ್ರೋಲ್ ಆವಿ ಇರುವ ಕಡೆ ಅದೇ ಕಿಡಿ ಜೀವ ತೆಗೆಯುತ್ತದೆ.

ಅದಕ್ಕೇ ಬಂಕಿನಲ್ಲಿ ಎಣ್ಣೆ ಇಳಿಸುವುದಕ್ಕೆ ಒಂದು ಕ್ರಮ ಇದೆ. ಇದನ್ನು ಬಾಯಿಪಾಠ ಮಾಡಿ. ಲಾರಿ ನಿಲ್ಲಿಸಿ, ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಬೇಕು. ಬ್ಯಾಟರಿ ಸ್ವಿಚ್ ಆಫ್ ಮಾಡಬೇಕು. ಗಾಲಿಗೆ ಅಡ್ಡ ಕಟ್ಟೆ ಕೊಡಬೇಕು. ಆಮೇಲೆ ಅರ್ತ್ ತಂತಿ ಸಿಕ್ಕಿಸಬೇಕು. ಟ್ಯಾಂಕಿನಲ್ಲಿ ಹುಟ್ಟಿದ ವಿದ್ಯುತ್ತು ಈ ತಂತಿ ಹಿಡಿದು ಭೂಮಿಗೆ ಇಳಿದುಹೋಗುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕು. ಸ್ವಲ್ಪ ಹೊತ್ತು ಕಾಯಬೇಕು. ಬೀಗ, ಸೀಲು ಸರಿಯಾಗಿದೆಯೇ ಅಂತ ಬಂಕಿನವರ ಜೊತೆ ನೋಡಬೇಕು. ಅಳತೆ ನೋಡಬೇಕು. ಆಮೇಲೆ ಪೈಪು. ಮುಗಿದ ಮೇಲೆ ಮೊದಲು ಪೈಪು ತೆಗೆಯಬೇಕು, ಅರ್ತ್ ತಂತಿ ಕೊನೆಗೆ. ತಂತಿ ಹಾಕುವಾಗ ಪೈಪಿಗಿಂತ ಮುಂಚೆ, ತೆಗೆಯುವಾಗ ಪೈಪಾದ ಮೇಲೆ. ಈ ಪ್ರಶ್ನೆ ಬರದೇ ಇರುವುದಿಲ್ಲ.

ಅಳತೆ ಮತ್ತು ಲೆಕ್ಕ

ಟ್ಯಾಂಕರಿನ ಹೊಟ್ಟೆ ಒಂದೇ ಅಲ್ಲ. ಒಳಗೆ ಗೋಡೆ ಹಾಕಿ ಮನೆ ಮನೆ ಮಾಡಿರುತ್ತಾರೆ. ಒಂದು ಮನೆಯಲ್ಲಿ ಪೆಟ್ರೋಲ್, ಇನ್ನೊಂದರಲ್ಲಿ ಡೀಸೆಲ್ ಇರಬಹುದು. ಒಂದಕ್ಕೆ ಹಾಕುವ ಪೈಪು ಇನ್ನೊಂದಕ್ಕೆ ಹಾಕಿದರೆ ಬಂಕಿನ ತೊಟ್ಟಿಯೆಲ್ಲ ಕೆಡುತ್ತದೆ.

ಒಂದು ಲೆಕ್ಕ ಮಾಡಿ. ಟ್ಯಾಂಕರಿನಲ್ಲಿ 3 ಮನೆ ಇವೆ. ಒಂದೊಂದರಲ್ಲಿ 4,000 ಲೀಟರ್ ಹಿಡಿಯುತ್ತದೆ. ಒಟ್ಟು ಎಷ್ಟು? 12,000 ಲೀಟರ್. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಹಾಗಾದರೆ 12,000 ಲೀಟರ್ ಎಷ್ಟು ತೂಕ? ಹತ್ತಿರ ಹತ್ತಿರ 10 ಟನ್. ನಿಮ್ಮ ಬೆನ್ನ ಹಿಂದೆ 10 ಟನ್ ಎಣ್ಣೆ ಇರುತ್ತದೆ. ಬ್ರೇಕ್ ಒತ್ತುವಾಗ ಇದು ನೆನಪಿರಬೇಕು.

ಎಣ್ಣೆಯ ಮಟ್ಟ ನೋಡಲು ಗುರುತು ಹಾಕಿದ ಕೋಲು ಇರುತ್ತದೆ. ಡಿಪ್ ಕೋಲು ಅನ್ನುತ್ತಾರೆ. ಕೋಲು ಇಳಿಸಿ, ಎಲ್ಲಿವರೆಗೆ ಒದ್ದೆಯಾಗಿದೆ ಅಂತ ನೋಡಿ, ಆ ಅಂಕಿಯನ್ನು ಕಾಗದದ ಅಂಕಿಗೆ ಹೋಲಿಸಬೇಕು. ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುವುದನ್ನು ನೀವು ದಿನಾ ನೋಡುತ್ತೀರಿ. ಎಣ್ಣೆಗೂ ಅಂಥದ್ದೇ ಗಾಜಿನ ಕೊಳವೆ ಇದೆ. ಅದರ ಹೆಸರು ಹೈಡ್ರೋಮೀಟರ್. ಹಾಲಿಗೆ ನೀರು ಬೆರೆಸಿದರೆ ತಿಳಿಯುವ ಹಾಗೆ, ಪೆಟ್ರೋಲಿಗೆ ಬೇರೆ ಎಣ್ಣೆ ಬೆರೆಸಿದರೆ ಇದರಲ್ಲಿ ತಿಳಿಯುತ್ತದೆ. ಡೈರಿಗೆ ಹಾಲು ಹಾಕುವ ಹೆಂಗಸಿಗೆ ಇದನ್ನು ಹೇಳಿಕೊಡಲು ಒಂದು ಗಂಟೆ ಸಾಕು ಅಂತ ನಮ್ಮ ಅನಿಸಿಕೆ.

ಗಾಡಿ ಓಡಿಸಿ ತೋರಿಸುವಾಗ

ಮಾತು ಮುಗಿದ ಮೇಲೆ "ಬಾಮ್ಮ, ಗಾಡಿ ಹತ್ತು" ಅನ್ನುತ್ತಾರೆ. ತಕ್ಷಣ ಹತ್ತಬೇಡಿ. ಮೊದಲು ಲಾರಿಯ ಸುತ್ತ ಒಂದು ಸುತ್ತು ಬನ್ನಿ. ಟಯರು ನೋಡಿ. ಕೆಳಗೆ ಬಗ್ಗಿ ಸೋರಿಕೆ ನೋಡಿ. ದೀಪ ನೋಡಿ. ಸೈಲೆನ್ಸರಿಗೆ ಕಿಡಿ ತಡೆಯುವ ಜಾಲರಿ ಇದೆಯೇ ನೋಡಿ. ಆಮೇಲೆ ಹತ್ತಿ ಕನ್ನಡಿ ಸರಿ ಮಾಡಿಕೊಳ್ಳಿ. ಇಂಜಿನ್ ಶುರು ಮಾಡಿ, ಬ್ರೇಕಿನ ಗಾಳಿ ಪೂರ್ತಿ ತುಂಬುವವರೆಗೆ ಕಾಯಿರಿ. ಮುಳ್ಳು ಮೇಲೇರುವುದು ಮೀಟರಿನಲ್ಲಿ ಕಾಣುತ್ತದೆ. ಗಾಳಿ ತುಂಬದೆ ಹೊರಟರೆ ಬ್ರೇಕ್ ಹಿಡಿಯುವುದಿಲ್ಲ. ನಿಮ್ಮನ್ನು ನೋಡುವವರು ಇದನ್ನೆಲ್ಲ ಗಮನಿಸುತ್ತಾರೆ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ನಮಗೆಲ್ಲ ಗೊತ್ತು. ಟ್ಯಾಂಕರಿಗೆ ಅದು ಅಕ್ಷರಶಃ ನಿಜ. ಅರ್ಧ ಬಿಂದಿಗೆ ಸೊಂಟದ ಮೇಲಿಟ್ಟು ಜೋರಾಗಿ ತಿರುಗಿ ನೋಡಿ. ನೀರು ಒಂದು ಕಡೆ ನುಗ್ಗಿ ನಿಮ್ಮನ್ನೇ ಎಳೆಯುತ್ತದೆ. ಅರ್ಧ ಇಳಿಸಿದ ಟ್ಯಾಂಕರ್ ತಿರುವಿನಲ್ಲಿ ಹಾಗೆಯೇ. ಒಳಗಿನ ಎಣ್ಣೆ ಒಂದು ಪಕ್ಕಕ್ಕೆ ನುಗ್ಗುತ್ತದೆ. ಲಾರಿ ಪಲ್ಟಿ ಹೊಡೆಯುತ್ತದೆ. ಅದಕ್ಕೆ ತಿರುವು ಬರುವ ಮುಂಚೆಯೇ ವೇಗ ಕಡಿಮೆ ಮಾಡಬೇಕು. ತಿರುವಿನ ಮಧ್ಯೆ ಬ್ರೇಕ್ ಒತ್ತಬಾರದು.

ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತೇ ಇದೆ. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರಿನ ಹಿಂದೆ ದೀಪ ಇರುವುದಿಲ್ಲ. ರಾಗಿ, ಹುರುಳಿ ರಸ್ತೆ ಮೇಲೆ ಹರಡಿರುತ್ತಾರೆ. ಎಮ್ಮೆ ಅಡ್ಡ ಬರುತ್ತದೆ. ನಾಲೆ ಪಕ್ಕದ ರಸ್ತೆ ಕಿರಿದು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ನಮ್ಮ ಜಿಲ್ಲೆ ಅದನ್ನು ಮರೆಯುವುದಿಲ್ಲ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧ ಬಂತು. ಅವೆಲ್ಲ ಪಕ್ಕದ ಸರ್ವಿಸ್ ರಸ್ತೆಗೆ ಬಂದವು. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದ ಕೂಡಲೇ ಅವು ಎದುರಾಗುತ್ತವೆ ಅಂತ ನೆನಪಿಡಬೇಕು. "ಯಾವ ರಸ್ತೆ ಗೊತ್ತು ನಿನಗೆ?" ಅಂತ ಕೇಳಿದರೆ ಇವನ್ನೇ ಹೇಳಿ. ಹೊರಗಿನಿಂದ ಬಂದ ಡ್ರೈವರಿಗೆ ಇದು ಗೊತ್ತಿರುವುದಿಲ್ಲ.

ಹೆವಿ ಲೈಸೆನ್ಸ್ ಸಿಕ್ಕಿದ ಮಾರನೇ ದಿನವೇ ಪೆಟ್ರೋಲ್ ಟ್ಯಾಂಕರ್ ಕೊಡುವವರು ಕಡಿಮೆ. ಒಂದೆರಡು ವರ್ಷ ಬೇರೆ ಲಾರಿ ಓಡಿಸಿ ಕೈ ಪಳಗಿಸಿಕೊಂಡರೆ ಒಳ್ಳೆಯದು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಹಾಲು ಒಕ್ಕೂಟದ ಡೈರಿ ಇದೆ. ಅಂಥ ಕಡೆಗೆ ಹೋಗಿ ಬರುವ ಹಾಲಿನ ಟ್ಯಾಂಕರ್ ಓಡಿಸಿದ್ದರೆ ತುಳುಕುವ ಸರಕಿನ ಅಭ್ಯಾಸ ಆಗಿರುತ್ತದೆ. ಹಾಲು ಚೆಲ್ಲಿದರೆ ನಷ್ಟ ಅಷ್ಟೆ, ಬೆಂಕಿ ಹತ್ತುವುದಿಲ್ಲ.

ಕೇಳುವ ಮಾತು, ಹೇಳುವ ಮಾತು

ಸಂದರ್ಶನ ಅಂದರೆ ಎದುರು ಬದುರು ಕೂತು ಮಾತಾಡುವುದು. ಟ್ಯಾಂಕರ್ ಕೆಲಸಕ್ಕೆ ಸೇರಿಸಿಕೊಳ್ಳುವವರು ಲಾರಿ ಮಾಲೀಕರು ಇರಬಹುದು. ಸ್ವಂತ ಟ್ಯಾಂಕರ್ ಇರುವ ಬಂಕಿನ ಮಾಲೀಕರು ಇರಬಹುದು. ಕೆಲವರು "ಬನ್ನಿ, ಕೂತ್ಕೊಳಿ" ಅನ್ನುತ್ತಾರೆ. ಕೆಲವರು "ಏನಮ್ಮ, ನೀನು" ಅನ್ನುತ್ತಾರೆ. ಅದಕ್ಕೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ನಿಮ್ಮ ಮಾತು ನೆಟ್ಟಗಿರಲಿ. ಮಾತು ಹೀಗೆ ನಡೆಯಬಹುದು.

"ಏನಮ್ಮ, ಎಷ್ಟು ವರ್ಷದಿಂದ ಹೆವಿ ಗಾಡಿ ಓಡಿಸ್ತಿದ್ದೀಯ?"

"ಎರಡು ವರ್ಷ ಆಯ್ತು ಸಾರ್. ಹಾಲಿನ ಟ್ಯಾಂಕರ್ ಓಡಿಸಿದ್ದೀನಿ. ಲೈಸೆನ್ಸ್ ಇಲ್ಲಿದೆ, ನೋಡಿ."

"ದಾರೀಲಿ ಯಾರೋ ಬಂದು, ಐದು ಲೀಟರ್ ಕೊಡು, ದುಡ್ಡು ಕೊಡ್ತೀನಿ ಅಂದ್ರೆ?"

"ಕೊಡಕ್ಕಾಗಲ್ಲ ಸಾರ್. ಸೀಲು ಒಡೆಯಲ್ಲ. ಗಾಡೀನೂ ನಿಲ್ಲಿಸಲ್ಲ. ನಿಮಗೆ ಫೋನ್ ಮಾಡಿ ಹೇಳ್ತೀನಿ."

"ಗಾಡಿ ಪಲ್ಟಿ ಆಗಿ ಎಣ್ಣೆ ಸೋರ್ತಾ ಇದೆ. ಏನ್ ಮಾಡ್ತೀಯ?"

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿಲ್ಲದವರು ಈ ಕೆಲಸಕ್ಕೆ ಹೋಗಬಾರದು ಅಂತ ನಾವು ಖಂಡಿತವಾಗಿ ಹೇಳುತ್ತೇವೆ.

2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್‌ಪುರದ ಕಡೆ ಹೆದ್ದಾರಿಯಲ್ಲಿ ಒಂದು ಟ್ಯಾಂಕರ್ ಪಲ್ಟಿ ಹೊಡೆಯಿತು. ಎಣ್ಣೆ ಹರಿಯಿತು. ಸುತ್ತಲ ಹಳ್ಳಿಯ ಜನ ಬಕೆಟ್ಟು, ಕ್ಯಾನು ಹಿಡಿದು ಓಡಿ ಬಂದರು. ಹೆಂಗಸರು ಮಕ್ಕಳೂ ಬಂದರು. ಬಿಟ್ಟಿ ಎಣ್ಣೆ ತುಂಬಿಕೊಳ್ಳುವಾಗ ಬೆಂಕಿ ಹತ್ತಿತು. 200ಕ್ಕೂ ಹೆಚ್ಚು ಜನ ಸತ್ತರು. ದೂರದ ಮಾತು ಬಿಡಿ. 2013ರ ಏಪ್ರಿಲ್‌ನಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹತ್ತಿತು. ರಸ್ತೆ ಪಕ್ಕದ ಮನೆಗಳು ಸುಟ್ಟವು. ಜೀವ ಹೋಯಿತು.

ನಮ್ಮ ಊರಲ್ಲೂ ಲಾರಿ ಬಿದ್ದರೆ ಜನ ಸೇರುತ್ತಾರೆ. ಡ್ರೈವರ್ ಹೆದರಿ ಓಡಿ ಹೋದರೆ ಆ ಜನಕ್ಕೆ ಹೇಳುವವರು ಯಾರು? ಅದಕ್ಕೆ ಉತ್ತರ ಹೀಗಿರಲಿ:

"ಮೊದಲು ಇಂಜಿನ್, ಬ್ಯಾಟರಿ ಸ್ವಿಚ್ ಆರಿಸ್ತೀನಿ ಸಾರ್. ನಾನೂ ಕ್ಲೀನರೂ ಕೆಳಗಿಳೀತೀವಿ. ಟ್ರೆಮ್ ಕಾರ್ಡ್ ಕೈಲಿ ತಗೋತೀನಿ. ಗಾಳಿ ಬರೋ ದಿಕ್ಕಿಗೆ ನಿಂತು ಜನಾನ ದೂರ ಕಳಿಸ್ತೀನಿ. ಯಾರಿಗೂ ಬೀಡಿ ಹಚ್ಚಬೇಡಿ, ಬೈಕ್ ಸ್ಟಾರ್ಟ್ ಮಾಡಬೇಡಿ, ಎಣ್ಣೆ ತುಂಬಿಕೋಬೇಡಿ ಅಂತೀನಿ. ಎರಡೂ ಕಡೆ ಗಾಡಿ ನಿಲ್ಲಿಸಕ್ಕೆ ಹೇಳ್ತೀನಿ. ದೂರ ಹೋಗಿ 112ಕ್ಕೆ ಫೋನ್ ಮಾಡ್ತೀನಿ. ಫಲಕದ ನಂಬರ್ ಹೇಳ್ತೀನಿ. ಆಮೇಲೆ ನಿಮಗೆ ಹೇಳ್ತೀನಿ."

"ಫಲಕದ ನಂಬರ್ ಯಾಕೆ?"

"1203 ಅಂದ್ರೆ ಪೆಟ್ರೋಲ್ ಅಂತ ಅವರಿಗೆ ಗೊತ್ತಾಗ್ತದೆ ಸಾರ್. ಬೆಂಕಿ ಆರಿಸೋ ಗಾಡಿ ನೊರೆ ತಗೊಂಡು ಬರ್ತದೆ."

ಅಕ್ಕಪಕ್ಕದ ಒಬ್ಬರನ್ನು ಮಾಲೀಕರ ಹಾಗೆ ಕೂರಿಸಿಕೊಂಡು ಈ ಮಾತುಗಳನ್ನು ನಾಲ್ಕೈದು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಲ್ಲೇ ಓದಿಕೊಂಡರೆ ಅಲ್ಲಿ ಹೋದಾಗ ನಾಲಿಗೆ ಹೊರಳುವುದಿಲ್ಲ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ. "ಮಕ್ಕಳನ್ನ ಯಾರು ನೋಡ್ಕೋತಾರೆ? ರಾತ್ರಿ ಟ್ರಿಪ್ ಇದ್ರೆ?" ಗಂಡಸರಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಕೂತು ಆ ಜಗಳ ಮಾಡಿದರೆ ಕೆಲಸ ಸಿಗುವುದಿಲ್ಲ. ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಹೋಗಿ. "ನಮ್ಮತ್ತೆ ನೋಡ್ಕೋತಾರೆ ಸಾರ್. ರಾತ್ರಿ ಟ್ರಿಪ್ ಇದ್ರೆ ಒಂದು ದಿನ ಮುಂಚೆ ಹೇಳಿ, ವ್ಯವಸ್ಥೆ ಮಾಡ್ಕೋತೀನಿ." ಇಷ್ಟು ಸಾಕು. ನಿಜವಾಗಿ ವ್ಯವಸ್ಥೆ ಇಲ್ಲದಿದ್ದರೆ ಹಗಲು ಟ್ರಿಪ್ ಮಾತ್ರ ಆಗುತ್ತದೆ ಅಂತ ಅಲ್ಲೇ ಹೇಳಿಬಿಡಿ.

ಜೊತೆಗೆ ಗಂಡನೋ ಅಣ್ಣನೋ ಬಂದಿದ್ದರೆ ಹೊರಗೆ ಕೂರಲಿ. ಉತ್ತರ ನೀವೇ ಹೇಳಬೇಕು. ಗಾಡಿ ಓಡಿಸುವವರು ನೀವು.

ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ, ಹೇಳಿಕೊಟ್ಟರೆ ಕಲೀತೀನಿ ಅನ್ನಿ. ಎಣ್ಣೆ ಗಾಡಿಯಲ್ಲಿ ಗೊತ್ತಿದ್ದ ಹಾಗೆ ನಟಿಸುವವರೇ ಅಪಾಯ. ಅನುಭವ ಇರುವ ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು.

ಹೊರಡುವ ದಿನ

ಹತ್ತಿ ಬಟ್ಟೆ ಹಾಕಿಕೊಳ್ಳಿ. ಲಾರಿಯ ಮೆಟ್ಟಿಲು ಎತ್ತರ, ಸೀರೆ ಕಾಲಿಗೆ ಸಿಕ್ಕುತ್ತದೆ. ಚೂಡಿದಾರ ಅಥವಾ ಪ್ಯಾಂಟು ಶರ್ಟು ಒಳ್ಳೆಯದು. ದುಪಟ್ಟಾಕ್ಕೆ ಪಿನ್ ಹಾಕಿ. ಕೂದಲು ಗಂಟು ಕಟ್ಟಿ. ಕಾಲಿಗೆ ಮುಚ್ಚಿದ ಶೂ. ಡಿಪೋಗೆ ಕರೆದುಕೊಂಡು ಹೋದರೆ ಬಾಗಿಲಲ್ಲೇ ಮೊಬೈಲ್ ಆಫ್ ಮಾಡಿ ಕೊಡಬೇಕು. ಬೆಂಕಿಪೊಟ್ಟಣ ಚೀಲದಲ್ಲಿ ಇರಲೇಬಾರದು.

ಒಂದು ಪ್ಲಾಸ್ಟಿಕ್ ಚೀಲದಲ್ಲಿ ಲೈಸೆನ್ಸ್, ಮೂರು ದಿನದ ತರಬೇತಿಯ ಸರ್ಟಿಫಿಕೇಟ್, ಡಾಕ್ಟರ ಸರ್ಟಿಫಿಕೇಟ್, ಆಧಾರ್, ಬ್ಯಾಂಕ್ ಪುಸ್ತಕ, ಎರಡು ಫೋಟೋ ಇಡಿ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಜೆರಾಕ್ಸ್ ಕೊಡಿ. ಅಸಲು ತೋರಿಸಿ ವಾಪಸ್ ಇಟ್ಟುಕೊಳ್ಳಿ. "ಲೈಸೆನ್ಸ್ ನಮ್ಮ ಹತ್ತಿರ ಇರಲಿ" ಅಂದರೆ ಒಪ್ಪಬೇಡಿ. ಅದಿಲ್ಲದೆ ನೀವು ಗಾಡಿ ಓಡಿಸುವ ಹಾಗೂ ಇಲ್ಲ, ಬೇರೆ ಕಡೆ ಕೆಲಸ ಕೇಳುವ ಹಾಗೂ ಇಲ್ಲ. ಕೆಲಸ ಕೊಡಿಸುತ್ತೇನೆ ಅಂತ ಮುಂಗಡ ದುಡ್ಡು ಕೇಳುವವರು ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ.

ನೀವೂ ಕೇಳಬೇಕು

ಕೊನೆಯಲ್ಲಿ "ನಿಂದೇನಾದ್ರೂ ಕೇಳೋದಿದ್ಯಾ?" ಅಂತಾರೆ. ನಮ್ಮ ಹೆಣ್ಣುಮಕ್ಕಳು ತಲೆ ಅಲ್ಲಾಡಿಸಿ "ಏನಿಲ್ಲ ಸಾರ್" ಅಂದು ಎದ್ದು ಬರುತ್ತಾರೆ. ಹಾಗೆ ಮಾಡಬೇಡಿ. ಕೇಳುವುದು ಬಹಳ ಇದೆ.

ಸಂಬಳ ತಿಂಗಳಿಗಾ, ಟ್ರಿಪ್ಪಿಗಾ? ಬಾಟಾ ಎಷ್ಟು? ಪಿ.ಎಫ್., ಇ.ಎಸ್.ಐ. ಇದೆಯಾ? ವಿಮೆ ಇದೆಯಾ? ಇದೇ ಗಾಡಿ ಓಡಿಸುವ ಗಂಡಸರಿಗೆ ಎಷ್ಟು ಕೊಡುತ್ತೀರಿ? ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಸಂಬಳ ಅನ್ನುವುದು 1976ರಿಂದ ಕಾನೂನು. ದಿನಕ್ಕೆ ಎಷ್ಟು ಗಂಟೆ ಓಡಿಸಬೇಕು? ನಿದ್ದೆಗೆಟ್ಟು ಎಣ್ಣೆ ಗಾಡಿ ಓಡಿಸುವುದು ಸಾವಿನ ಜೊತೆ ಆಟ. ಕ್ಲೀನರ್ ಯಾರು, ಹೇಗಿದ್ದಾರೆ? ಡಿಪೋದಲ್ಲಿ ಹೆಂಗಸರಿಗೆ ಶೌಚಾಲಯ ಇದೆಯಾ? ಲಾರಿಗಳು ಸಾಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ಇದನ್ನು ಕೇಳಲು ನಾಚಿಕೆ ಬೇಡ. ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಯಾರಿಗೆ ದೂರು ಕೊಡಬೇಕು? 2013ರಲ್ಲಿ ಇದಕ್ಕೂ ಕಾನೂನು ಬಂದಿದೆ. 181 ಹೆಂಗಸರ ಸಹಾಯದ ಫೋನ್ ನಂಬರ್. ಅದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಕೆಲಸ ಕೊಟ್ಟರು ಅನ್ನಿ. ಒಂದು ಕಾಗದ ಮುಂದಿಟ್ಟು "ಇಲ್ಲಿ ಸೈನ್ ಹಾಕಮ್ಮ" ಅನ್ನುತ್ತಾರೆ. ಪೆನ್ನು ಕೈಯಲ್ಲೇ ಇರಲಿ, ಮೊದಲು ಓದಿ. ಸಂಬಳದ ಅಂಕಿ ನೋಡಿ. ಮಾತಲ್ಲಿ ಹೇಳಿದ್ದೂ ಕಾಗದದಲ್ಲಿ ಬರೆದಿದ್ದೂ ಒಂದೇನಾ ನೋಡಿ. ಖಾಲಿ ಬಿಟ್ಟ ಜಾಗ ಇದ್ದರೆ ತುಂಬಿಸಲು ಹೇಳಿ. ಪೂರ್ತಿ ಇಂಗ್ಲಿಷಿನಲ್ಲಿದ್ದರೆ "ನಾಳೆ ಓದಿ ತರ್ತೀನಿ ಸಾರ್" ಅಂತ ಹೇಳಿ ಮನೆಗೆ ತನ್ನಿ. ಸಂಜೆ ತರಗತಿಗೆ ತಂದರೆ ನಾವೆಲ್ಲ ಕೂತು ಒಂದೊಂದೇ ಸಾಲು ಓದೋಣ. ಸೈನ್ ಹಾಕಿದ ಮೇಲೆ ಅದರ ಒಂದು ನಕಲು ಕೇಳಿ ಪಡೆಯಿರಿ. ಲೈಸೆನ್ಸ್ ಇಟ್ಟ ಚೀಲದಲ್ಲೇ ಅದನ್ನೂ ಇಡಿ.